ಸೈನ್ಯದ ಸರಕು ವಿಮಾನದಲ್ಲಿ ಕೆಲಸ: ಒಳಿತೇನು, ಕಷ್ಟವೇನು?



ನಮ್ಮ ನೀಲಗಿರಿ ಜಿಲ್ಲೆಗೆ ಮಿಲಿಟರಿ ಹೊಸದಲ್ಲ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರ ಇದೆ. ಸೇನೆಯ ಅಧಿಕಾರಿಗಳಿಗೆ ಪಾಠ ಹೇಳುವ ದೊಡ್ಡ ಕಾಲೇಜೂ ಅಲ್ಲೇ ಇದೆ. ಬೆಟ್ಟ ಇಳಿದು ಕೊಯಮುತ್ತೂರಿನ ಆಚೆ ಹೋದರೆ ಸೂಲೂರು ಸಿಗುತ್ತದೆ. ಅಲ್ಲಿ ವಾಯುಪಡೆಯ ವಿಮಾನ ನೆಲೆ ಇದೆ.

ಹೀಗಿರುವಾಗ ಹನ್ನೆರಡನೇ ಕ್ಲಾಸ್ ಮುಗಿಸಿದ ಮಗನೋ ಮಗಳೋ ಮನೆಗೆ ಬಂದು, "ನಾನು ಏರ್‌ಫೋರ್ಸ್ ಸೇರ್ತೀನಿ, ವಿಮಾನದಲ್ಲಿ ಕೆಲಸ ಮಾಡ್ತೀನಿ" ಅಂತ ಹೇಳಬಹುದು. ಆಗ ನೀವು ಏನು ಹೇಳುತ್ತೀರಿ? ಬೇಡ ಅಂತ ಬೈಯುವುದು ಸುಲಭ. ಹೂಂ ಅಂತ ತಲೆ ಆಡಿಸುವುದೂ ಸುಲಭ. ಆದರೆ ವಿಷಯ ತಿಳಿದುಕೊಂಡು ಮಾತಾಡಿದರೆ ಮಕ್ಕಳಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಅದಕ್ಕಾಗಿ ಈ ಪಾಠ.

ಸರಕು ವಿಮಾನ ಅಂದರೆ ಏನು?

ವಾಯುಪಡೆಯ ವಿಮಾನಗಳೆಲ್ಲ ಬಾಂಬು ಹಾಕುವ ವಿಮಾನಗಳಲ್ಲ. ಕೆಲವು ಲಾರಿಯ ಹಾಗೆ ಸಾಮಾನು ಹೊರುತ್ತವೆ. ಕೆಲವು ಸಲ ಬಸ್ಸಿನ ಹಾಗೆ ಜನರನ್ನೂ ಒಯ್ಯುತ್ತವೆ. ಇವನ್ನೇ ಸರಕು ವಿಮಾನ ಅಥವಾ ಸಾಗಣೆ ವಿಮಾನ ಅಂತ ಕರೆಯುತ್ತಾರೆ.

ನಮ್ಮ ದೇಶದಲ್ಲಿ ಇಂಥ ವಿಮಾನಗಳು ಹಲವು ಬಗೆ. ಎಎನ್-32 ಅನ್ನುವುದು ಎರಡು ಫ್ಯಾನಿನ ವಿಮಾನ. 1984ರಿಂದ ನಮ್ಮ ವಾಯುಪಡೆಯಲ್ಲಿದೆ. ಸೂಲೂರಿನಲ್ಲೂ ಈ ವಿಮಾನದ ದಳ ಇದೆ. ಇದು ಸುಮಾರು ಆರೂವರೆ ಟನ್ ಹೊರುತ್ತದೆ. ಒಂದು ಟನ್ ಅಂದರೆ 1,000 ಕಿಲೋ. 50 ಕಿಲೋ ಅಕ್ಕಿ ಮೂಟೆ ಲೆಕ್ಕದಲ್ಲಿ ಹೇಳಿದರೆ 130 ಮೂಟೆ. 2011ರಲ್ಲಿ ಬಂದ ಸಿ-130ಜೆ ಅನ್ನುವ ವಿಮಾನ ಸುಮಾರು 20 ಟನ್ ಹೊರುತ್ತದೆ. ಅಂದರೆ 400 ಮೂಟೆ. ಇನ್ನೂ ದೊಡ್ಡದು ಸಿ-17. ಇದು 2013ರಲ್ಲಿ ಬಂತು. 70 ಟನ್ನಿಗೂ ಹೆಚ್ಚು ಹೊರುತ್ತದೆ. 1,400 ಮೂಟೆ ಅಕ್ಕಿ ಒಂದೇ ಸಲಕ್ಕೆ! 2023ರಲ್ಲಿ ಸಿ-295 ಅನ್ನುವ ಹೊಸ ವಿಮಾನವೂ ಸೇರಿತು.

ಗಡಿಯಲ್ಲಿ ರಸ್ತೆ ಇಲ್ಲದ ಕಡೆ ಸೈನಿಕರು ಇರುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದು ಇದ್ದ ರಸ್ತೆಯೂ ಮುಚ್ಚಿಹೋಗುತ್ತದೆ. ಅವರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿ, ಕಾಗದ ಪತ್ರ ಎಲ್ಲ ಹೋಗುವುದು ಈ ವಿಮಾನಗಳಲ್ಲೇ.

ವಿಮಾನದ ಒಳಗೆ ಯಾರು ಯಾರು ಕೆಲಸ ಮಾಡುತ್ತಾರೆ?

ವಿಮಾನ ಅಂದ ಕೂಡಲೇ ನಮಗೆ ಪೈಲಟ್ ಒಬ್ಬರೇ ನೆನಪಾಗುತ್ತಾರೆ. ಲಾರಿಗೆ ಡ್ರೈವರ್ ಒಬ್ಬರೇ ಸಾಕೇ? ಕ್ಲೀನರ್ ಬೇಕು, ಮೂಟೆ ಎಣಿಸುವವರು ಬೇಕು. ಹಾಗೇ ಇಲ್ಲೂ.

ಮುಂದೆ ಇಬ್ಬರು ಪೈಲಟ್‌ಗಳು ಕೂರುತ್ತಾರೆ. ಹಳೆಯ ವಿಮಾನಗಳಲ್ಲಿ ದಾರಿ ನೋಡುವವರು ಬೇರೆ ಇರುತ್ತಾರೆ. ಅವರು ನ್ಯಾವಿಗೇಟರ್. ಇಂಜಿನ್ ನೋಡಿಕೊಳ್ಳುವವರು ಫ್ಲೈಟ್ ಇಂಜಿನಿಯರ್. ಸಾಮಾನಿನ ಪೂರ್ತಿ ಜವಾಬ್ದಾರಿ ಹೊತ್ತವರು ಲೋಡ್‌ಮಾಸ್ಟರ್. ಹೊಸ ವಿಮಾನಗಳಲ್ಲಿ ಕಂಪ್ಯೂಟರ್ ಬಂದು ಜನ ಕಡಿಮೆಯಾದರು. ಅಷ್ಟು ದೊಡ್ಡ ಸಿ-17 ವಿಮಾನಕ್ಕೆ ಇಬ್ಬರು ಪೈಲಟ್, ಒಬ್ಬ ಲೋಡ್‌ಮಾಸ್ಟರ್ ಸಾಕು. ಲೋಡ್‌ಮಾಸ್ಟರ್ ಇಲ್ಲದೆ ಮಾತ್ರ ಆಗುವುದಿಲ್ಲ. ಯಾಕೆ?

ಭಾರ ಹಂಚುವ ಲೆಕ್ಕ

ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿ ಹತ್ತುವ ಜೀಪನ್ನು ನೆನಪು ಮಾಡಿಕೊಳ್ಳಿ. ಮೂಟೆಗಳನ್ನೆಲ್ಲ ಹಿಂದಕ್ಕೇ ತುಂಬಿದರೆ ಏನಾಗುತ್ತದೆ? ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟಿಯರಿಂಗ್ ಸರಿಯಾಗಿ ಮಾತು ಕೇಳುವುದಿಲ್ಲ. ಜೀಪಿಗಾದರೆ ಕೆಳಗೆ ನೆಲ ಇದೆ. ವಿಮಾನಕ್ಕೆ ಕೆಳಗೆ ಇರುವುದು ಗಾಳಿ ಮಾತ್ರ.

ಹಾಗಾಗಿ ಲೋಡ್‌ಮಾಸ್ಟರ್ ಪ್ರತಿಯೊಂದು ಸಾಮಾನಿನ ತೂಕ ಬರೆದುಕೊಳ್ಳುತ್ತಾರೆ. ಯಾವುದು ಮುಂದೆ, ಯಾವುದು ನಡುವೆ, ಯಾವುದು ಹಿಂದೆ ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಸರಪಳಿ, ಪಟ್ಟಿ, ಬಲೆ ಹಾಕಿ ನೆಲಕ್ಕೆ ಬಿಗಿಯುತ್ತಾರೆ. ಗಂಟು ಒಂದು ಸಡಿಲವಾದರೂ ಅಪಾಯ.

ಇದು ಬರೀ ಮಾತಲ್ಲ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್ ಎಂಬಲ್ಲಿ ಅಮೆರಿಕದ ಒಂದು ಖಾಸಗಿ ಸರಕು ವಿಮಾನ ಮೇಲೇರಿತು. ಅದರೊಳಗೆ ಸೈನ್ಯದ ಭಾರಿ ವಾಹನಗಳು ಇದ್ದವು. ಸರಿಯಾಗಿ ಬಿಗಿಯದೆ ಇದ್ದುದರಿಂದ ಒಂದು ವಾಹನ ಕಿತ್ತುಕೊಂಡು ಹಿಂದಕ್ಕೆ ಜಾರಿತು. ವಿಮಾನದ ಬಾಲದ ಕಡೆಯ ಯಂತ್ರ ಮುರಿಯಿತು. ವಿಮಾನ ನೆಲಕ್ಕೆ ಬಿತ್ತು. ಒಳಗಿದ್ದ 7 ಜನರೂ ಸತ್ತರು. ಸರಪಳಿ ಎಷ್ಟು ಬೇಕು ಎಂಬ ಲೆಕ್ಕ ತಪ್ಪಿದ್ದೇ ಕಾರಣ ಅಂತ ತನಿಖೆಯಲ್ಲಿ ಗೊತ್ತಾಯಿತು.

ನೋಡಿದಿರಾ? ಓದು, ಬರಹ, ಲೆಕ್ಕ ಎಂಬುದು ಇಲ್ಲಿ ಜೀವ ಉಳಿಸುವ ವಿದ್ಯೆ.

ಈ ಕೆಲಸದ ಒಳಿತು

ಮೊದಲನೆಯದು, ಕಷ್ಟದಲ್ಲಿರುವ ಜನರಿಗೆ ನೆರವಾಗುವ ಭಾಗ್ಯ. ನಮ್ಮ ಗೂಡಲೂರಿಗೆ ವಯನಾಡು ನೆರೆಮನೆ ಇದ್ದ ಹಾಗೆ. 2024ರ ಜುಲೈ 30ರಂದು ಅಲ್ಲಿ ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಬಂದದ್ದು ನಿಮಗೆ ಗೊತ್ತೇ ಇದೆ. ಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದ ಜನರ ಹತ್ತಿರ ಹೋಗಲು ದಾರಿ ಇರಲಿಲ್ಲ. ಆಗ ವಾಯುಪಡೆಯ ಸಿ-17 ವಿಮಾನ ಕಬ್ಬಿಣದ ಸೇತುವೆಯ ಭಾಗಗಳು, ಹುಡುಕುವ ನಾಯಿಗಳು, ಔಷಧಿ ಸಾಮಗ್ರಿ ಎಲ್ಲ ಸೇರಿ 53 ಟನ್ ಹೊತ್ತು ತಂದಿತು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಹಗಲು ರಾತ್ರಿ ದುಡಿದು ಆಗಸ್ಟ್ 1ಕ್ಕೆ 190 ಅಡಿ ಉದ್ದದ ಸೇತುವೆ ನಿಲ್ಲಿಸಿದರು. ಸೇತುವೆ ಕಟ್ಟಿದವರ ಹೆಸರು ಪೇಪರಿನಲ್ಲಿ ಬಂತು. ಅದರ ಕಂಬಿಗಳನ್ನು ವಿಮಾನದಲ್ಲಿ ಬಿಗಿದು ತಂದವರ ಹೆಸರು ಬರಲಿಲ್ಲ. ಆದರೂ ಅವರ ಕೆಲಸ ಇಲ್ಲದೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಕೇಳಿ. ಕರ್ನಾಟಕದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಆಫ್ರಿಕಾದ ಸುಡಾನ್ ದೇಶಕ್ಕೆ ಹೋಗಿದ್ದರು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾಗಿ ಅವರೂ ಸಿಕ್ಕಿಬಿದ್ದರು. ನಮ್ಮ ಸರಕಾರ 'ಆಪರೇಷನ್ ಕಾವೇರಿ' ಎಂಬ ಹೆಸರಲ್ಲಿ ಹಡಗು, ವಿಮಾನ ಕಳಿಸಿ ಭಾರತೀಯರನ್ನು ಕರೆತಂದಿತು. ಏಪ್ರಿಲ್ 27ರ ರಾತ್ರಿ ಒಂದು ಸಿ-130ಜೆ ವಿಮಾನ ದೀಪವೇ ಇಲ್ಲದ, ಹದಗೆಟ್ಟ ಓಡುದಾರಿಯಲ್ಲಿ ಇಳಿಯಿತು. ಕತ್ತಲಲ್ಲಿ ಕಾಣಿಸುವ ಕನ್ನಡಕ ಹಾಕಿಕೊಂಡು ಪೈಲಟ್‌ಗಳು ವಿಮಾನ ಇಳಿಸಿದರು. 121 ಜನರನ್ನು ಹತ್ತಿಸಿಕೊಂಡು ಮೇಲೇರಿದರು. ಅವರಲ್ಲಿ ಒಬ್ಬ ಬಸುರಿ ಹೆಂಗಸೂ ಇದ್ದರು.

ಕೊರೊನಾ ಕಾಲದಲ್ಲಿ, 2021ರಲ್ಲಿ, ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದುಹೋಯಿತು. ಆಗ ಖಾಲಿ ಟ್ಯಾಂಕರ್‌ಗಳನ್ನು ವಿಮಾನದಲ್ಲಿ ಬೇಗ ಬೇಗ ಕಾರ್ಖಾನೆಯ ಊರಿಗೆ ಮುಟ್ಟಿಸಿದರು. ತುಂಬಿದ ಟ್ಯಾಂಕರ್ ವಿಮಾನದಲ್ಲಿ ಅಪಾಯ. ಹಾಗಾಗಿ ವಾಪಸು ಬರುವಾಗ ರಸ್ತೆ, ರೈಲು. ಹೋಗುವ ದಾರಿಯಲ್ಲಿ ಸಮಯ ಉಳಿಯಿತು, ಅಷ್ಟು ಜೀವವೂ ಉಳಿಯಿತು.

ಎರಡನೆಯದು, ಶಿಸ್ತು ಮತ್ತು ವಿದ್ಯೆ. ತೂಕ, ಇಂಜಿನ್, ಹವಾಮಾನ, ಇಂಗ್ಲಿಷ್, ಹಿಂದಿ ಎಲ್ಲ ಕಲಿಯಲು ಸಿಗುತ್ತದೆ. ಮುಂದೆ ವಿಮಾನ ನಿಲ್ದಾಣದಲ್ಲಿ, ಸರಕು ಕಂಪನಿಯಲ್ಲಿ ಕೆಲಸ ಹುಡುಕುವಾಗ ಈ ಅನುಭವಕ್ಕೆ ಬೆಲೆ ಇದೆ.

ಮೂರನೆಯದು, ಸೌಕರ್ಯ. ತಿಂಗಳ ಸಂಬಳ, ಊಟ, ಬಟ್ಟೆ, ವೈದ್ಯರು, ಕ್ಯಾಂಟೀನ್ ಎಲ್ಲ ಇರುತ್ತದೆ. ವಿಮಾನದಲ್ಲಿ ಹಾರುವವರಿಗೆ ಬೇರೆ ಭತ್ಯೆ ಇದೆ. ಪೂರ್ತಿ ಅವಧಿಯ ಕೆಲಸ ಸಿಕ್ಕಿದವರಿಗೆ ಪಿಂಚಣಿಯೂ ಇದೆ.

ನಾಲ್ಕನೆಯದು, ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. 1990ರ ದಶಕದಿಂದಲೇ ಹೆಣ್ಣುಮಕ್ಕಳು ಸಾಗಣೆ ವಿಮಾನ ಹಾರಿಸುತ್ತಿದ್ದಾರೆ. 2023ರ ಡಿಸೆಂಬರ್‌ನಲ್ಲಿ ವಾಯುಪಡೆಯ ಅಗ್ನಿವೀರ ಹೆಣ್ಣುಮಕ್ಕಳ ಮೊದಲ ತಂಡ ಬೆಳಗಾವಿಯ ಸಾಂಬ್ರಾ ತರಬೇತಿ ಶಾಲೆಯಲ್ಲಿ ಕಲಿಕೆ ಮುಗಿಸಿತು.

ಈ ಕೆಲಸದ ಕಷ್ಟ

ಸರಕು ವಿಮಾನ ನಾವು ಸಿನಿಮಾದಲ್ಲಿ ನೋಡುವ ವಿಮಾನದ ಹಾಗೆ ಇರುವುದಿಲ್ಲ. ಮೆತ್ತನೆಯ ಸೀಟು ಇಲ್ಲ. ಗೋಡೆಯ ಪಕ್ಕ ಬಟ್ಟೆಯ ಪಟ್ಟಿ ಬಿಗಿದ ಸೀಟು. ಫ್ಯಾನಿನ ವಿಮಾನದಲ್ಲಿ ಸದ್ದು ಎಷ್ಟು ಅಂದರೆ ಪಕ್ಕದವರ ಮಾತೂ ಕೇಳದು. ಟೀ ಫ್ಯಾಕ್ಟರಿಯ ಯಂತ್ರದ ಹತ್ತಿರ ದಿನವೆಲ್ಲ ನಿಂತವರಿಗೆ ಇದು ಅರ್ಥವಾಗುತ್ತದೆ. ಕಿವಿಗೆ ಮುಚ್ಚಳ ಹಾಕದೆ ವರ್ಷಗಟ್ಟಲೆ ದುಡಿದರೆ ಕಿವಿ ಮಂದವಾಗುತ್ತದೆ. ಭಾರ ಎತ್ತಿ, ಬಗ್ಗಿ, ಸರಪಳಿ ಎಳೆದು ಸೊಂಟ ನೋವು ಬರುತ್ತದೆ.

ಬೆಟ್ಟದ ಮೇಲೆ ಸಾಮಾನು ಹಾಕುವಾಗ ವಿಮಾನದ ಹಿಂದಿನ ಬಾಗಿಲು ತೆರೆಯುತ್ತಾರೆ. ಹೊರಗೆ ಮೈ ಕೊರೆಯುವ ಚಳಿ. ಉಸಿರಿಗೆ ಗಾಳಿ ಸಾಲದು. ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಆ ಬಾಗಿಲ ಬಳಿ ನಿಂತು ಕೆಲಸ ಮಾಡಬೇಕು.

ಮನೆಯ ಕಷ್ಟ ಬೇರೆ. ನಡುರಾತ್ರಿ ಕರೆ ಬಂದರೂ ಎದ್ದು ಹೋಗಬೇಕು. ಎಲ್ಲಿಗೆ ಹೋಗುತ್ತೇನೆ ಅಂತ ಹೆಂಡತಿಗೂ ಹೇಳುವ ಹಾಗಿಲ್ಲ, ಕೆಲವು ಸಲ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಮಕ್ಕಳ ಶಾಲೆ ಬದಲು, ಭಾಷೆ ಬದಲು. ಊರ ಹಬ್ಬಕ್ಕೆ, ಅಪ್ಪನ ಕಾಯಿಲೆಗೆ, ತಂಗಿಯ ಮದುವೆಗೆ ರಜೆ ಸಿಗಬಹುದು, ಸಿಗದೆಯೂ ಇರಬಹುದು.

ಅಪಾಯದ ಮಾತು

ಗೂಡಲೂರು ಕಡೆಯ ಕಲಿಕಾ ಕೇಂದ್ರವೊಂದರಲ್ಲಿ ಒಬ್ಬ ತಾಯಿ ಕೇಳಿದರು: "ಸಾಮಾನು ಹೊರೋ ವಿಮಾನ ತಾನೇ? ಯುದ್ಧಕ್ಕೆ ಹೋಗಲ್ಲವಲ್ಲ? ಅಪಾಯ ಇಲ್ಲ ಅಲ್ವಾ?"

ಅಪಾಯ ಇದೆ ಅಕ್ಕಾ. ಮುಚ್ಚಿಡಬಾರದು. ಇಲ್ಲಿ ಮಳೆ, ಮೋಡ, ಬೆಟ್ಟ, ಸಮುದ್ರಗಳೇ ಶತ್ರು ಆಗುತ್ತವೆ.

2016ರ ಜುಲೈ 22ರಂದು ಚೆನ್ನೈ ಪಕ್ಕದ ತಾಂಬರಂನಿಂದ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಒಂದು ಎಎನ್-32 ವಿಮಾನ ಹೊರಟಿತು. ಅದು ಸೂಲೂರು ದಳದ ವಿಮಾನ. ಒಳಗೆ 29 ಜನ ಇದ್ದರು. ಬಂಗಾಳ ಕೊಲ್ಲಿಯ ಮೇಲೆ ಅದು ಕಾಣೆಯಾಯಿತು. ಹಡಗು, ವಿಮಾನ ಎಲ್ಲ ಹುಡುಕಿದರೂ ಸಿಗಲಿಲ್ಲ. ಏಳೂವರೆ ವರ್ಷ ಕಳೆದ ಮೇಲೆ, 2024ರ ಜನವರಿಯಲ್ಲಿ, ಸಮುದ್ರದ ತಳದಲ್ಲಿ ಅದರ ಚೂರುಗಳು ಕಂಡವು ಅಂತ ಸರಕಾರ ತಿಳಿಸಿತು. ಆಳ 3,400 ಮೀಟರ್. ನಮ್ಮ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ದೊಡ್ಡಬೆಟ್ಟವನ್ನೇ ಅಲ್ಲಿ ಮುಳುಗಿಸಿದರೂ ಅದರ ತುದಿಯ ಮೇಲೆ ಇನ್ನೂ 760 ಮೀಟರ್ ನೀರು ನಿಲ್ಲುತ್ತದೆ. ಅಷ್ಟು ವರ್ಷ ಆ 29 ಮನೆಗಳ ಜನ ಹೇಗೆ ದಿನ ಕಳೆದರು, ಯೋಚನೆ ಮಾಡಿ.

2019ರ ಜೂನ್ 3ರಂದು ಅಸ್ಸಾಮಿನ ಜೋರ್ಹಾಟ್‌ನಿಂದ ಅರುಣಾಚಲದ ಬೆಟ್ಟದ ಊರಿಗೆ ಹೊರಟ ಇನ್ನೊಂದು ಎಎನ್-32 ಬಿದ್ದು 13 ಜನ ತೀರಿಕೊಂಡರು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ಎಂಬ ಹಳೆಯ ವಿಮಾನ ಹಿಮಾಲಯದಲ್ಲಿ ಕಾಣೆಯಾಯಿತು. ಅದರಲ್ಲಿ 102 ಜನ. 56 ವರ್ಷದ ನಂತರ, 2024ರಲ್ಲೂ, ಹಿಮದೊಳಗಿಂದ ನಾಲ್ವರ ದೇಹ ಸಿಕ್ಕಿತು.

ನಮ್ಮ ಜಿಲ್ಲೆಯೇ ಇಂಥದೊಂದು ದಿನ ಕಂಡಿದೆ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಬರುತ್ತಿದ್ದ ಎಂಐ-17 ಹೆಲಿಕಾಪ್ಟರ್ ಕೂನೂರಿನ ಹತ್ತಿರ ನಂಜಪ್ಪಛತ್ರಂ ಬಳಿ ಬಿತ್ತು. ಜನರನ್ನು, ಸಾಮಾನನ್ನು ಒಯ್ಯುವ ಹೆಲಿಕಾಪ್ಟರ್ ಅದು. ಮೂರು ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್, ಅವರ ಹೆಂಡತಿ ಸೇರಿ ಒಳಗಿದ್ದ 14 ಜನರೂ ಉಳಿಯಲಿಲ್ಲ. ಬೆಂಕಿ ಕಂಡು ಮೊದಲು ಓಡಿಹೋದವರು ಆ ಊರಿನ ಬಡ ಜನ. ಮನೆಯ ಕಂಬಳಿ ತಂದು ಗಾಯಾಳುಗಳನ್ನು ಹೊತ್ತರು. ಹವಾಮಾನ ಏಕಾಏಕಿ ಬದಲಾಗಿ, ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕು, ಪೈಲಟ್‌ಗೆ ದಿಕ್ಕು ತಿಳಿಯದೆ ಹೀಗಾಯಿತು ಅಂತ ವಾಯುಪಡೆಯ ತನಿಖೆ 2022ರ ಜನವರಿಯಲ್ಲಿ ಹೇಳಿತು. ನಮ್ಮ ಬೆಟ್ಟದ ಮಂಜು ಎಂಥದ್ದು ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಹಾಗಂತ ಹತ್ತಿದ ವಿಮಾನವೆಲ್ಲ ಬೀಳುವುದಿಲ್ಲ. ವಿಮಾನಗಳು ದಿನವೂ ಹೋಗಿ ಬರುತ್ತವೆ. ಹೋಗಿ ಬಂದ ವಿಮಾನ ಸುದ್ದಿ ಆಗುವುದಿಲ್ಲ, ಬಿದ್ದದ್ದು ಮಾತ್ರ ಸುದ್ದಿ ಆಗುತ್ತದೆ. ಅಪಾಯವನ್ನು ಅಳೆಯುವಾಗ ಎರಡನ್ನೂ ನೆನಪಿಡಿ.

ಸೇರುವುದು ಹೇಗೆ?

ದಾರಿ ಎರಡು.

ಒಂದು, ಅಧಿಕಾರಿಯಾಗಿ ಸೇರುವುದು. ಪೈಲಟ್ ಆಗಬೇಕಾದರೆ ಇದೇ ದಾರಿ. ಹನ್ನೆರಡನೇ ಕ್ಲಾಸಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಎನ್‌ಡಿಎ ಪರೀಕ್ಷೆ ಬರೆಯಬಹುದು. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಕಲಿಯುತ್ತಿದ್ದಾರೆ. ಡಿಗ್ರಿ ಮುಗಿಸಿದವರಿಗೆ ಬೇರೆ ಪರೀಕ್ಷೆಗಳಿವೆ.

ಎರಡು, ಅಗ್ನಿವೀರರಾಗಿ ಸೇರುವುದು. ಈ ಯೋಜನೆ ಶುರುವಾದದ್ದು 2022ರಲ್ಲಿ. ವಯಸ್ಸು ಹದಿನೇಳೂವರೆಯಿಂದ 21ರ ಒಳಗೆ ಇರಬೇಕು. ಮದುವೆ ಆಗಿರಬಾರದು. ಹನ್ನೆರಡನೇ ಕ್ಲಾಸಿನಲ್ಲಿ ನೂರಕ್ಕೆ 50 ಅಂಕ ಬೇಕು. ಇಂಗ್ಲಿಷ್ ಒಂದರಲ್ಲೇ ಬೇರೆಯಾಗಿ 50 ಬೇಕು. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ತಮಿಳಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಆಮೇಲೆ 1.6 ಕಿಲೋಮೀಟರ್ ಓಟ, ದೇಹ ಪರೀಕ್ಷೆ. ಬೆಟ್ಟ ಹತ್ತಿ ಇಳಿದು ಬೆಳೆದ ನಮ್ಮ ಮಕ್ಕಳಿಗೆ ಓಟ ಕಷ್ಟವಲ್ಲ. ಇಂಗ್ಲಿಷಿಗೆ ಮಾತ್ರ ಮೊದಲೇ ತಯಾರಿ ಬೇಕು.

ಒಂದು ಮಾತು ಚೆನ್ನಾಗಿ ತಿಳಿಯಿರಿ. ಅಗ್ನಿವೀರರಾಗಿ ಸೇರಿದ ಕೂಡಲೇ ವಿಮಾನದಲ್ಲಿ ಹಾರುವ ಕೆಲಸ ಸಿಗುವುದಿಲ್ಲ. ಮೊದಲು ನೆಲದ ಮೇಲಿನ ಕೆಲಸ. ಲೋಡ್‌ಮಾಸ್ಟರ್, ಫ್ಲೈಟ್ ಇಂಜಿನಿಯರ್ ಕೆಲಸಕ್ಕೆ ಅನುಭವ ಇರುವವರಿಂದ ಆರಿಸಿಕೊಳ್ಳುತ್ತಾರೆ. "ಸೇರಿದ ಮರುದಿನವೇ ವಿಮಾನ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದುಡ್ಡಿನ ಲೆಕ್ಕ

ಯೋಜನೆ ಬಂದಾಗ ಅಗ್ನಿವೀರರಿಗೆ ಗೊತ್ತು ಮಾಡಿದ ಸಂಬಳ ಹೀಗಿದೆ.

ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಕೈಗೆ ಬರುವುದು 21,000. ಉಳಿದ 9,000 ನಿಧಿಗೆ ಹೋಗುತ್ತದೆ.
ಎರಡನೇ ವರ್ಷ 33,000.
ಮೂರನೇ ವರ್ಷ 36,500.
ನಾಲ್ಕನೇ ವರ್ಷ 40,000. ಕೈಗೆ 28,000. ನಿಧಿಗೆ 12,000.

ಹೀಗೆ ನಾಲ್ಕು ವರ್ಷಕ್ಕೆ ಮಗ ಕಟ್ಟುವ ಹಣ ಸುಮಾರು 5 ಲಕ್ಷದ 2 ಸಾವಿರ. ಸರಕಾರವೂ ಅಷ್ಟೇ ಹಾಕುತ್ತದೆ. ಎರಡೂ ಸೇರಿ 10 ಲಕ್ಷದ 4 ಸಾವಿರ, ಮೇಲೆ ಬಡ್ಡಿ. ಇದು ನಾಲ್ಕು ವರ್ಷ ಮುಗಿದ ಮೇಲೆ ಸಿಗುವ ಹಣ. 48 ಲಕ್ಷದ ವಿಮೆಯೂ ಇದೆ. ಅದಕ್ಕೆ ಮಗ ಹಣ ಕಟ್ಟಬೇಕಾಗಿಲ್ಲ.

ಈಗ ಇನ್ನೊಂದು ಬದಿ ನೋಡಿ. ನಾಲ್ಕು ವರ್ಷದ ನಂತರ ನೂರರಲ್ಲಿ 25 ಜನರವರೆಗೆ ಮಾತ್ರ ಕೆಲಸದಲ್ಲಿ ಮುಂದುವರಿಸುತ್ತಾರೆ ಅಂತ ಆ ನಿಯಮ ಹೇಳುತ್ತದೆ. ಉಳಿದವರು ಮನೆಗೆ ಬರಬೇಕು. ಅವರಿಗೆ ಪಿಂಚಣಿ ಇಲ್ಲ. ರಜೆ ವರ್ಷಕ್ಕೆ 30 ದಿನ. ಆಗ ಮಗನ ವಯಸ್ಸು 22 ಅಥವಾ 25 ಇರುತ್ತದೆ. ಕೈಯಲ್ಲಿ ಹತ್ತು ಲಕ್ಷ ಇರುತ್ತದೆ, ಕೆಲಸ ಇರುವುದಿಲ್ಲ. ಆ ಹಣ ಮನೆ ಕಟ್ಟುವುದಕ್ಕೋ, ಸಾಲ ತೀರಿಸುವುದಕ್ಕೋ, ಮುಂದೆ ಓದುವುದಕ್ಕೋ? ಇದನ್ನು ಸೇರುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ. ಕೈಗೆ ಬಂದ ಮೇಲೆ ಮಾತಾಡಿದರೆ ಜಗಳ ಆಗುತ್ತದೆ.

ಸಹಿ ಹಾಕುವ ಮುಂಚೆ

18 ವರ್ಷ ತುಂಬದ ಮಕ್ಕಳ ಅರ್ಜಿಗೆ ಅಪ್ಪ ಅಥವಾ ಅಮ್ಮ, ಇಲ್ಲದಿದ್ದರೆ ಪೋಷಕರು ಸಹಿ ಹಾಕಬೇಕು. ಹಿಂದೆ ಆಗಿದ್ದರೆ ಹೆಬ್ಬೆಟ್ಟು ಒತ್ತಿ ಕೊಡುತ್ತಿದ್ದಿರಿ. ಈಗ ನಿಮಗೆ ಅಕ್ಷರ ಬರುತ್ತದೆ. ಕಾಗದ ಇಂಗ್ಲಿಷಿನಲ್ಲಿ ಇದ್ದರೆ ಮಗನ ಹತ್ತಿರ ಓದಿಸಿ, ಸಾಲು ಸಾಲಾಗಿ ಅರ್ಥ ಕೇಳಿ. ಎಷ್ಟು ವರ್ಷ, ಎಷ್ಟು ಸಂಬಳ, ನಾಲ್ಕು ವರ್ಷದ ನಂತರ ಏನು, ಜೀವಕ್ಕೆ ಏನಾದರೂ ಆದರೆ ಮನೆಯವರಿಗೆ ಏನು ಸಿಗುತ್ತದೆ — ಈ ನಾಲ್ಕೂ ಗೊತ್ತಾದ ಮೇಲೆ ಸಹಿ ಹಾಕಿ. ನಿಯಮಗಳು ಬದಲಾಗುತ್ತಾ ಇರುತ್ತವೆ. ಹಾಗಾಗಿ ಆ ವರ್ಷದ ಹೊಸ ಪ್ರಕಟಣೆಯನ್ನೇ ಓದಿ.

ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವ ದಲ್ಲಾಳಿಗಳು ಬರುತ್ತಾರೆ. ಒಂದು ರೂಪಾಯಿಯೂ ಕೊಡಬೇಡಿ. ವಾಯುಪಡೆಯ ಕೆಲಸ ಪರೀಕ್ಷೆ ಬರೆದೇ ಸಿಗಬೇಕು. ತಮಿಳುನಾಡಿನವರಿಗೆ ವಾಯುಪಡೆಯ ಆಯ್ಕೆ ಕೇಂದ್ರ ತಾಂಬರಂನಲ್ಲಿದೆ. ಸಂದೇಹ ಇದ್ದರೆ ಅಲ್ಲೇ ಕೇಳಿ.

ಎಲ್ಲ ತಿಳಿದ ಮೇಲೂ ಮಗ "ಹೋಗ್ತೀನಿ" ಅಂದರೆ, ಧೈರ್ಯ ತುಂಬಿ ಕಳಿಸಿ. "ಬೇಡ, ಬೇರೆ ಓದ್ತೀನಿ" ಅಂದರೆ, ಹೇಡಿ ಅಂತ ಹಂಗಿಸಬೇಡಿ. ಎರಡೂ ತಿಳಿದು ಮಾಡಿದ ತೀರ್ಮಾನವೇ.

ಪದಗಳ ಅರ್ಥ

ಸಾಗಣೆ – ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು
ಭತ್ಯೆ – ಸಂಬಳದ ಮೇಲೆ ಕೊಡುವ ಹಣ
ನಿಧಿ – ಕೂಡಿಟ್ಟ ಹಣ
ವಿಮೆ – ಅಪಾಯ ಆದರೆ ಮನೆಯವರಿಗೆ ಸಿಗುವ ಹಣದ ಭರವಸೆ
ತನಿಖೆ – ಕಾರಣ ಹುಡುಕುವುದು
ದಲ್ಲಾಳಿ – ನಡುವೆ ನಿಂತು ಹಣ ತಿನ್ನುವವನು

ಕೂಡಿ ಮಾತಾಡಿ

1. ಸರಕು ವಿಮಾನದಲ್ಲಿ ಭಾರ ಸರಿಯಾಗಿ ಹಂಚದಿದ್ದರೆ ಏನಾಗುತ್ತದೆ?
2. ಒಂದು ಮೂಟೆ 50 ಕಿಲೋ ಆದರೆ 53 ಟನ್ನಿಗೆ ಎಷ್ಟು ಮೂಟೆ? ಲೆಕ್ಕ ಮಾಡಿ.
3. ನಿಮ್ಮ ಮನೆಯ ಮಗ ಅಥವಾ ಮಗಳು ಈ ಕೆಲಸಕ್ಕೆ ಹೋಗುತ್ತೇನೆ ಅಂದರೆ ನೀವು ಮೊದಲು ಕೇಳುವ ಪ್ರಶ್ನೆ ಯಾವುದು? ನಿಮ್ಮ ಕೈಯಿಂದಲೇ ಬರೆಯಿರಿ.